ಗುಬ್ಬಿಯ ಹರಾಜಿನಲ್ಲಿ ನಾನು ಕೂಗಿದ್ದು

ಬಣ್ಣ ಹೊಡೆಯುವವರು ಬರುತ್ತಾರೆಂದು ಹೋದ ಚಳಿಗಾಲದಲ್ಲಿ ನಡುಮನೆಯ ಗೋಡೆ ಗಡಿಯಾರವನ್ನು ಇಳಿಸಿದೆ. ಅದರ ಗಾಜಿನ ಬಾಗಿಲು ತೆಗೆದು ಪೆಂಡ್ಯುಲಮ್ ಬಿಚ್ಚುವಾಗ ಒಳಗಿನಿಂದ ನುಸಿಗುಳಿಗೆ, ಬೀಟೆ ಮರ, ಹಳೇ ಎಣ್ಣೆ ಎಲ್ಲ ಸೇರಿದ ಒಂದು ವಾಸನೆ ಬಂತು. ಅದು ನನ್ನ ಮನೆಯ ವಾಸನೆಯಲ್ಲ. ಗುಬ್ಬಿಯ ವಕೀಲರ ಬಂಗಲೆಯ ಹಜಾರದ್ದು. ತುಮಕೂರಿನ ನನ್ನ ಗೋಡೆಯ ಮೇಲೆ ನಲವತ್ತು ವರ್ಷ ತೂಗಿದರೂ ಆ ಗಡಿಯಾರ ಆ ಮನೆಯ ಗಾಳಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಇತ್ತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಅಣ್ಣ ತೀರಿಕೊಂಡು ಆಗ ಕೆಲವೇ ತಿಂಗಳಾಗಿದ್ದವು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಸರಿಯಾಗಿ ಕೈಹತ್ತಿದ್ದು ಆಮೇಲೆ, ಪೇಪರಿನಲ್ಲಿ ಬರುವ ಹರಾಜು ಪ್ರಕಟಣೆಗಳಿಂದ. ಅವುಗಳಲ್ಲಿ ‘ಇದ್ದ ಜಾಗದಲ್ಲಿ, ಇದ್ದ ಸ್ಥಿತಿಯಲ್ಲಿ’ ಎಂದು ಹಾಕಿರುತ್ತಾರೆ. ಸಾಮಾನನ್ನು ತೊಳೆದು ಒರೆಸಿ ಕೊಡುವುದಿಲ್ಲ, ಹೇಗಿದೆಯೋ ಹಾಗೇ ತೆಗೆದುಕೊಂಡು ಹೋಗಿ ಎಂದು ಅರ್ಥ. ನಾನು ಬರೆಯುವುದನ್ನೂ ಹಾಗೇ ತೆಗೆದುಕೊಳ್ಳಬೇಕು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ತುಮಕೂರಿನ ಮಂಡಿಪೇಟೆಯಲ್ಲಿ ಖಾದರ್ ಸಾಹೇಬರ ಹಳೇ ಸಾಮಾನಿನ ಅಂಗಡಿಯಲ್ಲಿದ್ದೆ. ಕೋರ್ಟು ಜಪ್ತಿ ಮಾಡಿದ ಸಾಮಾನು, ಇಲಾಖೆಗಳು ಕೈಬಿಟ್ಟ ಜೀಪು, ದೊಡ್ಡ ಮನೆಗಳು ಒಡೆದಾಗ ಹೊರಬೀಳುವ ಬೀಟೆ ಕುರ್ಚಿ, ಹಿತ್ತಾಳೆ ದೀಪ, ಗ್ರಾಮಫೋನು, ಎಲ್ಲವನ್ನೂ ಸಾಹೇಬರು ಹರಾಜಿನಲ್ಲಿ ಹಿಡಿದು ಬೆಂಗಳೂರಿಗೆ ಕಳಿಸುತ್ತಿದ್ದರು. ಸವಾಲು ಕೂಗುವುದು ಅವರು. ಲಾರಿಗೆ ಹೊರುವುದು ನಾನು. ಪ್ರತಿ ಹರಾಜಿನಲ್ಲೂ ಲಾರಿಯ ಹಿಂಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದೆ. ಒಂದು ದಿನ ನಾನೂ ಬೆಂಚಿನ ಮೇಲೆ ಕೂತು ಸವಾಲು ಕೂಗುವವನಾಗಬೇಕು ಎನ್ನುವುದೊಂದೇ ಆಸೆ.

ನನ್ನ ಅಣ್ಣ ನಂಜಣ್ಣ ನನಗಿಂತ ಬಹಳ ದೊಡ್ಡವನು. ಅಪ್ಪ ಹೋದ ಮೇಲೆ ನನ್ನನ್ನು ಸಾಕಿದ್ದು ಅವನೇ. ಗುಬ್ಬಿಯಲ್ಲಿ ಒಬ್ಬ ವಕೀಲರ ಮನೆಯಲ್ಲಿ ಡ್ರೈವರಾಗಿದ್ದ. ಅವರದ್ದು ಕಪ್ಪು ಬಣ್ಣದ ಲ್ಯಾಂಡ್‌ಮಾಸ್ಟರ್ ಕಾರು. ಅಣ್ಣ ಅದನ್ನು ಒಂದು ದಿನವೂ ವಕೀಲರ ಕಾರು ಅಂದವನಲ್ಲ, ನಮ್ಮ ಕಾರು ಅನ್ನುತ್ತಿದ್ದ. ಬೆಳಿಗ್ಗೆ ಎದ್ದರೆ ಮೊದಲು ಕಾರಿಗೆ ನೀರು, ಆಮೇಲೆ ತನ್ನ ಮೈಗೆ. ಅದು ಸುಮ್ಮನೆ ಸ್ಟಾರ್ಟ್ ಆಗುತ್ತಿರಲಿಲ್ಲ. ಬಾನೆಟ್ ಎತ್ತಿ ಪೆಟ್ರೋಲ್ ಪಂಪಿಗೆ ಸ್ಪ್ಯಾನರಿನಲ್ಲಿ ಮೆಲ್ಲಗೆ ತಟ್ಟಬೇಕು, ಅದು ಟಿಕ್ ಟಿಕ್ ಅನ್ನುವವರೆಗೆ ಕಾಯಬೇಕು, ಆಮೇಲೆ ಚೋಕ್ ಎಳೆಯಬೇಕು. ಜೋರಾಗಿ ತಟ್ಟಿದರೂ ಆಗುವುದಿಲ್ಲ. ಮಗುವಿನ ಬೆನ್ನು ತಟ್ಟಿ ತೇಗಿಸುವ ಹಾಗೆ ಅಂತ ಅತ್ತಿಗೆ ಜಯಮ್ಮ ನಗುತ್ತಿದ್ದಳು.

ಆ ವರ್ಷ ಅವರೆಕಾಯಿ ಕಾಲದಲ್ಲಿ ವಕೀಲರು ತೀರಿಕೊಂಡರು. ಅವರ ಹೆಂಡತಿ ಮೊದಲೇ ಹೋಗಿದ್ದರು. ಮೈಸೂರಿನಿಂದ ಅಳಿಯ ಬಂದು ಬಂಗಲೆಯನ್ನು ಮಾರಲು ಮಾತಾಡಿದ. ಬೇಸಿಗೆಯಲ್ಲಿ ಮನೆಯ ಸಾಮಾನು, ಕಾರು ಎಲ್ಲವನ್ನೂ ಅಂಗಳದಲ್ಲೇ ಹರಾಜು ಹಾಕುವುದೆಂದು ಗೊತ್ತಾಯಿತು. ಅಣ್ಣ ಅಳಿಯನನ್ನು ಕೇಳಿದನಂತೆ. ಆತ ಕೆಟ್ಟವನೇನಲ್ಲ. ‘ನಾಲ್ಕು ಜನ ವಾರಸುದಾರರಿದ್ದೇವೆ ನಂಜಣ್ಣ, ನಾನೊಬ್ಬನೇ ಕೊಡುವ ಹಾಗಿಲ್ಲ, ನೀವೂ ಬಂದು ಕೂಗಿ’ ಎಂದಿದ್ದ.

ಮಾರನೇ ವಾರ ಅಣ್ಣ ತುಮಕೂರಿಗೆ ಬಂದ. ಅಂಗಡಿಯ ಹಿಂದೆ ಮುರಿದ ಮಂಚಗಳ ನಡುವೆ ನನ್ನನ್ನು ಕೂರಿಸಿ, ಬನಿಯನ್ ಒಳಗಿನಿಂದ ಒಂದು ಬಟ್ಟೆಯ ಗಂಟು ತೆಗೆದ. ಎಂಟು ಸಾವಿರ ಇತ್ತು. ಕೂಡಿಟ್ಟಿದ್ದು ಸ್ವಲ್ಪ, ಅಳಿಯ ಕೈಗಿಟ್ಟಿದ್ದು ಸ್ವಲ್ಪ. ಮಿಕ್ಕಿದ್ದಕ್ಕೆ ಅತ್ತಿಗೆಯ ಹಾಲು ಕರೆಯುವ ಹಸು ಮಾರಿದ್ದ.

‘ಹಸ ಮಾರ್ಬುಟ್ಯಾ?’

‘ಇನ್ನೊಂದ್ ಕಟ್ಟಾನ ಬುಡು. ಕಾರ್ ಬಂದ್ರೆ ಮದುವೆ ಬಾಡಿಗೆ, ಸ್ಟೇಷನ್ ಬಾಡಿಗೆ, ಆಸ್ಪತ್ರೆ ಬಾಡಿಗೆ. ನಮ್ದೇ ಗಾಡಿ ಆಯ್ತದೆ. ನಲವತ್ತಾಯ್ತು ಕಣೋ ಸಿದ್ದ, ಇನ್ನೆಷ್ಟು ದಿನ ಇನ್ನೊಬ್ರ ಬಾಗ್ಲು ತೆಗೆದು ನಿಂತ್ಕಳಾದು?’

‘ನೀನೇ ಕೂಗು ಮತ್ತೆ.’

‘ನಂಗೆ ಅದೆಲ್ಲ ತಿಳಿಯಾಕಿಲ್ಲ. ನೀನು ಅದ್ರಲ್ಲೇ ಪಳಗಿರೋನು.’

ಅಷ್ಟು ಸಾಕಾಯಿತು ನನಗೆ. ಲಾರಿಗೆ ಮಾಲು ಹೊರುವವನು ನಾನು ಎಂದು ಹೇಳಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು ಅವನಿಗೆ ಪಾಠ ಹೇಳಿದೆ. ‘ನಿಂಗೆ ಬೇಕು ಅನ್ನೋದು ಮುಖದಲ್ಲಿ ಕಾಣ್ಬಾರ್ದು ಅಣ್ಣ. ಕಂಡ್ರೆ ರೇಟ್ ಏರ್ತದೆ. ಯಾರೇನ್ ಅಂದ್ರೂ ಬಾಯ್ ಬುಡ್ಬೇಡ. ನಾನು ಕೊನೇಗಂಟ ಸುಮ್ನಿರ್ತೀನಿ. ಎರಡ್ ಸಲ ಅಂದ್ಮೇಲೆ, ಮೂರ್ ಸಲ ಅನ್ನೋಕೆ ಮುಂಚೆ ಕೂಗ್ತೀನಿ. ಅಲ್ಲೀಗಂಟ ಗಾಬರಿ ಆಗ್ಬಾರ್ದು.’

‘ಅಷ್ಟೊತ್ತು ಕಾಯ್ತೀಯಾ?’

‘ಅದೇ ಟೆಕ್ನಿಕ್ಕು.’

‘ಆಗ್ಲಿ ಬುಡಪ್ಪ, ಟೆಕ್ನಿಕ್ಕಿನೋನೆ’ ಎಂದು ಗಂಟನ್ನು ನನ್ನ ಕೈಗಿಟ್ಟು, ತಲೆಗೊಂದು ಮೊಟಕಿ ಬಸ್ಸಿಗೆ ಹೋದ.

ಆ ಬೇಸಿಗೆ ಸಾಹೇಬರಿಗೆ ಉಬ್ಬಸ ಜಾಸ್ತಿಯಾಗಿತ್ತು. ಮಾಲು ನೋಡಲು ಬಿಸಿಲಿನಲ್ಲಿ ಹೋಗುವ ಹಾಗಿರಲಿಲ್ಲ. ಗುಬ್ಬಿಗೆ ನೀನೇ ಹೋಗು ಎಂದರು. ನಾನು ಕಾದಿದ್ದ ದಿನ ಕಾಲಿಗೆ ಬಂದು ಬಿದ್ದಿತ್ತು. ಅಣ್ಣನ ವಿಷಯ ಅವರಿಗೂ ಹೇಳಲಿಲ್ಲ. ಹೇಳಿದರೆ, ಸ್ವಂತ ಮನೆಗೆ ಬೇಕೆಂಬ ಆಸೆ ಇಟ್ಟುಕೊಂಡವನು ವ್ಯಾಪಾರ ಮಾಡುವುದಿಲ್ಲ ಎಂದು ಬೇರೆಯವರನ್ನು ಕಳಿಸಿಯಾರು ಎಂಬ ಹೆದರಿಕೆ. ಹೊರಡುವಾಗ ಹೊದ್ದಿಕೆಯೊಳಗಿಂದಲೇ ಹೇಳಿದರು: ‘ಕೂಟದಲ್ಲಿ ಮಾತು ಕೊಟ್ಮೇಲೆ ಬಾಯಿ ತೆಗೀಬಾರ್ದು. ಏನು ಹೇಳೋದಿದ್ರೂ ಕೊಡೋಕೆ ಮುಂಚೆ ಹೇಳ್ಬಿಡು.’

ಕೂಟ ಅಂದರೆ ಏನೆಂದು ಹೇಳಬೇಕು. ಹರಾಜಿಗೆ ಬರುವ ವ್ಯಾಪಾರಿಗಳೆಲ್ಲ ಬೇರೆ ಬೇರೆಯಾಗಿ ಕಾಣುತ್ತಾರೆ. ಆದರೆ ಹರಾಜಿಗೆ ಮುಂಚೆ ಒಂದು ಟೀ ಅಂಗಡಿಯಲ್ಲಿ ಎಲ್ಲರೂ ಸೇರಿ ಯಾವ ಸಾಮಾನಿಗೆ ಯಾರು ಕೂಗಬೇಕು ಎಂದು ಮೊದಲೇ ಹಂಚಿಕೊಂಡಿರುತ್ತಾರೆ. ಒಬ್ಬನ ಮಾಲಿಗೆ ಇನ್ನೊಬ್ಬ ಕೂಗುವುದಿಲ್ಲ. ಹೀಗಾಗಿ ಮಾಲು ಅಗ್ಗಕ್ಕೆ ಬೀಳುತ್ತದೆ. ಆಮೇಲೆ ಅವರವರೇ ಬೇರೆ ಕಡೆ ಕೂತು ಅದನ್ನು ಮತ್ತೆ ಹರಾಜು ಹಾಕುತ್ತಾರೆ. ಹೊರಗಿನ ಬೆಲೆಗೂ ಒಳಗಿನ ಬೆಲೆಗೂ ಇರುವ ವ್ಯತ್ಯಾಸವನ್ನು ಬಾಯಿ ಮುಚ್ಚಿಕೊಂಡಿದ್ದವರೆಲ್ಲ ಹಂಚಿಕೊಳ್ಳುತ್ತಾರೆ. ನಮ್ಮ ಕಡೆಯ ಕೂಟಕ್ಕೆ ಹಿರಿಯ ಕುಣಿಗಲ್ಲಿನ ಗಂಗಣ್ಣ. ಹಳೇ ಗಾಡಿಗಳ ವ್ಯಾಪಾರ ಅವನದು. ದನದ ಸಂತೆಯ ದಲ್ಲಾಳಿಗಳ ಹಾಗೆ ಟವೆಲ್ ಕೆಳಗೆ ಕೈ ಹಾಕಿ, ಬೆರಳು ಹಿಡಿದು ಬೆಲೆ ಹೇಳುವ ಮನುಷ್ಯ.

ಹರಾಜಿನ ಬೆಳಿಗ್ಗೆ ಗುಬ್ಬಿಯ ರೈಲ್ವೆ ಗೇಟಿನ ಹತ್ತಿರದ ಟೀ ಅಂಗಡಿಯಲ್ಲಿ ಗಂಗಣ್ಣ ಕೂತಿದ್ದ. ಏಳು ಗಂಟೆಗೇ ಬಿಸಿಲು ಬೆನ್ನು ಚುಚ್ಚುತ್ತಿತ್ತು.

‘ಏನ್ಲಾ, ಸಾಬ್ರು ಎಲ್ಲಿ?’

‘ಉಬ್ಬಸ ಗಂಗಣ್ಣ. ನಾನೇ ಬಂದಿದೀನಿ.’

‘ಹಂಗಾದ್ರೆ ಇವತ್ತು ನೀನೇ ಯಜಮಾನ. ಸರೀರಪ್ಪ, ಯಜಮಾನ್ರು ಕೂತ್ಕಳ್ಳಿ. ಏಯ್, ಯಜಮಾನ್ರಿಗೆ ಕೆನೆ ಹಾಕಿ ಒಂದು ಟೀ ಕೊಡು.’

ಎಲ್ಲರೂ ನಕ್ಕರು. ಬೆಂಚಿನ ಮೇಲೆ ನನಗೆ ಜಾಗವಾಯಿತು. ಕೂತೆ. ಆ ಹಲಗೆ ತೊಡೆಗೆ ತಾಗಿದ್ದು ಈಗಲೂ ನೆನಪಿದೆ.

ಗಂಗಣ್ಣ ಹಂಚತೊಡಗಿದ. ಬೀಟೆ ಕುರ್ಚಿಗಳು ಇವನಿಗೆ, ಪಾತ್ರೆ ಅವನಿಗೆ. ‘ಕಾರು ನಂಗಿರ್ಲಿ. ಬೆಂಗ್ಳೂರಲ್ಲೊಬ್ಬ ಹಳೇ ಕಾರಿನ ಹುಚ್ಚಿನೋನು ಅವ್ನೆ.’ ಆಮೇಲೆ ಟವೆಲನ್ನು ನನ್ನ ಕೈಮೇಲೆ ಎಸೆದು, ಕೆಳಗೆ ನನ್ನ ಬೆರಳು ಹಿಡಿದ. ‘ನಿಂಗೇನ್ ಬೇಕ್ಲಾ?’

ಕಾರು ಎಂಬ ಮಾತು ನನ್ನ ನಾಲಿಗೆಯ ಮೇಲೆಯೇ ಇತ್ತು. ಆದರೆ ಆ ಕೈ ಬೆಚ್ಚಗಿತ್ತು. ಅಂಗಡಿ ಸೇರಿದ ಎಂಟು ವರ್ಷದಲ್ಲಿ ಯಾರೂ ನನ್ನ ಬೆರಳು ಹಿಡಿದು ನಿನಗೇನು ಬೇಕು ಎಂದು ಕೇಳಿರಲಿಲ್ಲ.

‘ಹಜಾರದಾಗೆ ಗಡಿಯಾರ ನೋಡಿದ್ಯಾ? ಅದು ನಿಂದು. ಅದ್ರ ಮೇಲೆ ಯಾರೂ ಕೂಗಾಕಿಲ್ಲ. ಏನಂತೀಯ?’

‘ಆಗ್ಲಿ’ ಅಂದೆ. ಅವನು ಬೆರಳು ಒತ್ತಿ ಕೈಬಿಟ್ಟ. ಮಾತು ಕೊಟ್ಟಾಗಿತ್ತು.

ಬಂಗಲೆಗೆ ನಡೆದು ಹೋಗುವಾಗ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೊರಗೆ ಗಂಗಣ್ಣ ಹಿಡಿದರೇನು, ಒಳಗಿನ ಹರಾಜಿನಲ್ಲಿ ನಾನು ಕೂಗಿ ಬಿಡಿಸಿಕೊಳ್ಳುತ್ತೇನೆ, ಅಣ್ಣನಿಗೆ ಕಾರು, ನನಗೆ ಗಡಿಯಾರ. ಹೀಗೆ ಅಂದುಕೊಂಡಿದ್ದು ಸುಳ್ಳಲ್ಲ. ಅದನ್ನು ನಾನೇ ನಂಬಿರಲಿಲ್ಲ ಅನ್ನುವುದೂ ಸುಳ್ಳಲ್ಲ.

ಅಂಗಳದ ತುಂಬ ಜನ. ವಕೀಲರು ಊಟ ಮಾಡುತ್ತಿದ್ದ ಮೇಜು, ಅವರಮ್ಮನ ಕಾಲದ ತೊಟ್ಟಿಲು, ಸ್ನಾನದ ಹಂಡೆ ಎಲ್ಲ ಬಿಸಿಲಿನಲ್ಲಿ ಕೂತಿದ್ದವು. ಪಾತ್ರೆ ಹೋಯಿತು, ಕುರ್ಚಿ ಹೋಯಿತು. ಎಲ್ಲ ಟೀ ಅಂಗಡಿಯಲ್ಲಿ ಆಡಿದಂತೆಯೇ ಹೋದವು. ಆಮೇಲೆ ಅಳಿಯ ಅಣ್ಣನನ್ನು ಕರೆದು ಕಾರನ್ನು ಹೊರಗೆ ತರಲು ಹೇಳಿದ.

ಅಣ್ಣ ಇಸ್ತ್ರಿ ಮಾಡಿದ ಖಾಕಿ ಹಾಕಿದ್ದ. ಷೆಡ್ಡಿನೊಳಗೆ ಟಿಕ್ ಟಿಕ್ ಕೇಳಿತು. ಕಾರು ಹೊಗೆಯಿಲ್ಲದೆ ಹೊರಗೆ ಬಂದು ಹಲಸಿನ ಮರದ ಕೆಳಗೆ ನಿಂತಿತು. ಅವನು ಇಳಿದು ಮಡ್‌ಗಾರ್ಡ್ ಪಕ್ಕದಲ್ಲಿ ಕೈಕಟ್ಟಿ ನಿಂತ. ನನ್ನನ್ನು ಹುಡುಕಿ ಒಂದು ಸಲ ನೋಡಿ, ನಾನು ಕಲಿಸಿದ್ದಂತೆಯೇ ಬೇರೆ ಕಡೆ ಮುಖ ತಿರುಗಿಸಿದ. ಮುಖದಲ್ಲಿ ಏನೂ ಕಾಣಬಾರದು ಎಂದು ಅವನು ಪಡುತ್ತಿದ್ದ ಪಾಡು ಅಂಗಳಕ್ಕೆಲ್ಲ ಕಾಣುತ್ತಿತ್ತು.

ಊರಿನ ಹಿಟ್ಟಿನ ಗಿರಣಿಯವನೊಬ್ಬ ನಾಲ್ಕು ಸಾವಿರ ಎಂದ. ಗಂಗಣ್ಣ ಐದು ಎಂದ. ಗಿರಣಿಯವನು ಐದೂವರೆ. ಆಗ ಕೂಟದ ಒಬ್ಬ ಪಕ್ಕದವನಿಗೆ ಹೇಳುವಂತೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ: ‘ಇಂಜಿನ್ ಬ್ಲಾಕ್ ಒಡ್ದೋಗೈತಂತೆ. ಇವತ್ತೊಂದಿನ ಓಡ್ಲಿ ಅಂತ ಏನೋ ಮೆತ್ತಿ ತಂದವ್ರೆ.’

ಅಣ್ಣನ ಕೈ ಬಿಚ್ಚಿಕೊಂಡು ಮಡ್‌ಗಾರ್ಡ್ ಮೇಲೆ ಹೋಯಿತು. ಬಾಯಿ ತೆರೆದ. ನನ್ನ ಮಾತು ನೆನಪಾಗಿರಬೇಕು, ಮುಚ್ಚಿದ. ಗಿರಣಿಯವನು ಹಿಂದೆ ಸರಿದ. ಗಂಗಣ್ಣ ಆರು ಎಂದ.

‘ಆರು ಸಾವಿರ ಒಂದ್ ಸಲ.’

ಅಣ್ಣ ನನ್ನ ಕಡೆ ನೋಡಲಿಲ್ಲ. ತುಟಿಯ ಕೊನೆಯಲ್ಲಿ ಸಣ್ಣ ನಗು ಇತ್ತು. ಟೆಕ್ನಿಕ್ಕು ಗೊತ್ತಿದ್ದವನ ನಗು.

‘ಆರು ಸಾವಿರ ಎರಡ್ ಸಲ.’

ಈಗ ನೋಡಿದ. ಸೊಂಟದ ಹತ್ತಿರ ಅವನ ಗಂಟು ನನ್ನ ಚರ್ಮಕ್ಕೆ ಅಂಟಿ ಬೆವರುತ್ತಿತ್ತು. ನಾನು ನನ್ನ ಚಪ್ಪಲಿಯ ಉಂಗುಷ್ಟ ನೋಡುತ್ತಿದ್ದೆ. ಗಂಟಲು ಕಟ್ಟಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ಕಟ್ಟಿರಲಿಲ್ಲ.

‘ಮೂರ್ ಸಲ.’

ಜನ ಗಂಗಣ್ಣನ ಕಡೆ ತಿರುಗಿದರು. ಅಣ್ಣ ಮಾತ್ರ ಇನ್ನೂ ನನ್ನನ್ನೇ ನೋಡುತ್ತಿದ್ದ, ಮೂರರ ಮೇಲೂ ಒಂದು ಸಲ ಇರಬಹುದು ಎನ್ನುವ ಹಾಗೆ.

ಅದರ ಬೆನ್ನಿಗೇ ಗಡಿಯಾರ ತಂದು ಮೇಜಿನ ಮೇಲಿಟ್ಟರು. ನಾನು ಕೂಗಿದೆ. ಸ್ವರ ಅಂಗಳದ ಆಚೆಗೂ ಕೇಳುವಷ್ಟು ದೊಡ್ಡದಾಗಿ ಬಂತು. ಯಾರೂ ಮೇಲೆ ಕೂಗಲಿಲ್ಲ. ಗಡಿಯಾರ ನನ್ನದಾಯಿತು.

ಮಧ್ಯಾಹ್ನ ಊರಾಚೆಯ ಒಂದು ತೆಂಗಿನ ತೋಟದಲ್ಲಿ ಕೂಟ ಮತ್ತೆ ಕೂತಿತು. ಕಾರಿಗೆ ಒಳಗಿನ ಮೊದಲ ಸವಾಲೇ ಒಂಬತ್ತು ಸಾವಿರ. ಅಣ್ಣನ ಗಂಟಿಗೆ ಬಿಚ್ಚಿಕೊಳ್ಳುವ ಅವಕಾಶವೂ ಸಿಗಲಿಲ್ಲ. ಹನ್ನೊಂದಕ್ಕೆ ಗಂಗಣ್ಣನೇ ಉಳಿಸಿಕೊಂಡ. ಬೆಂಗಳೂರಿನ ಹುಚ್ಚನಿಗೆ ಎಷ್ಟಕ್ಕೆ ಕೊಟ್ಟನೋ ಗೊತ್ತಿಲ್ಲ.

ಬಂಗಲೆಗೆ ವಾಪಸ್ಸು ಬಂದರೆ ಗಂಗಣ್ಣನ ಡ್ರೈವರ್ ಬೆವರು ಸುರಿಸುತ್ತ ನಿಂತಿದ್ದ. ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ. ಗಂಗಣ್ಣ ಅಣ್ಣನನ್ನು ಕರೆದ. ಅವನು ನನ್ನ ಅಣ್ಣ ಎಂಬುದು ಗಂಗಣ್ಣನಿಗೆ ಗೊತ್ತಿರಲಿಲ್ಲ.

‘ಏನ್ ಡ್ರೈವರ್ರೆ, ಕುಣಿಗಲ್ ಗಂಟ ಬಿಟ್ಕೊಡ್ತೀರಾ? ಬಾಡಿಗೆ ಕೊಡ್ತೀನಿ.’

‘ಬಾಡಿಗೆ ಬ್ಯಾಡ’ ಎಂದ ಅಣ್ಣ. ‘ಇವ್ರು ಓಡಿಸುದ್ರೆ ಗೇರ್ ಕಿತ್ತಾಕ್ತಾರೆ.’

ಗಂಗಣ್ಣ ತನ್ನ ಡ್ರೈವರನ್ನು ಕರೆದುಕೊಂಡು ಸಾಮಾನಿನ ಲಾರಿಯಲ್ಲಿ ಮುಂದೆ ಹೋದ. ನಾನು ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಕೂತೆ. ಮುಂದೆ ಕೂರುವ ಧೈರ್ಯವಾಗಲಿಲ್ಲ. ಹಿಂದಿನ ಸೀಟು ವಕೀಲರು ಕೂರುತ್ತಿದ್ದ ಜಾಗ ಎಂದು ಆಮೇಲೆ ಹೊಳೆಯಿತು.

ತುಮಕೂರಿನಲ್ಲಿ ಅಣ್ಣ ನಿಲ್ಲಿಸಲಿಲ್ಲ, ನಾನೂ ಇಳಿಯುತ್ತೇನೆ ಎನ್ನಲಿಲ್ಲ. ಕುಣಿಗಲ್ ರಸ್ತೆಗೆ ತಿರುಗಿದ ಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ ಕೇಳಿದ.

‘ಯಾಕೋ ಕೂಗ್ಲಿಲ್ಲ?’

‘ಒಳಗೆ ಹನ್ನೊಂದಕ್ಕೆ ಹೋಯ್ತಣ್ಣ. ನಮ್ ಕೈಲಿ ಆಯ್ತಿರ್ಲಿಲ್ಲ.’

‘ಹೊರಗೆ ಆರಕ್ಕೆ ಬುಟ್ರಲ್ಲ.’

‘ಹೊರಗಿನ ಲೆಕ್ಕ ಬ್ಯಾರೆ, ಒಳಗಿಂದು ಬ್ಯಾರೆ. ನಿಂಗೆ ಅದು ತಿಳಿಯಾಕಿಲ್ಲ.’

‘ಹೂಂ’ ಎಂದ. ‘ಅದಕ್ಕೇ ನಿನ್ ಕೈಗೆ ಕೊಟ್ಟಿದ್ದು.’

ಹೆಬ್ಬೂರು ಹತ್ತಿರ ಬರುವಾಗ ಆಕಾಶ ಕಪ್ಪಾಗಿ ವರ್ಷದ ಮೊದಲ ಮಳೆ ಬಿತ್ತು. ದಪ್ಪ ದಪ್ಪ ಹನಿ. ರಾಗಿ ಹೊಲಗಳ ಮಣ್ಣು ಘಮ್ಮೆಂದಿತು. ವೈಪರ್ ಒಂದೇ ಕೆಲಸ ಮಾಡುತ್ತಿತ್ತು. ಅಣ್ಣ ಬದಿಗೆ ನಿಲ್ಲಿಸಿ ಇಳಿದು ತನ್ನ ಟವೆಲಿನಲ್ಲಿ ಗಾಜು ಒರೆಸಿದ. ಅವನು ಬಾಗಿಲು ಹಾಕಿದ ಅದುರಿಗೆ ನನ್ನ ತೊಡೆಯ ಮೇಲಿನ ಗಡಿಯಾರ ಡಣ್ ಎಂದು ಹೊಡೆಯಿತು. ಇಬ್ಬರೂ ಬೆಚ್ಚಿದೆವು.

‘ವಕೀಲ್ರು ಸೋಮವಾರ ಕೀ ಕೊಡೋರು’ ಎಂದ ಅಣ್ಣ ಕಾರು ಹೊರಡಿಸುತ್ತ. ‘ವಾರಕ್ಕೊಂದೇ ಸಲ. ಬಿಗಿ ಆಯ್ತು ಅನ್ನಿಸ್ತಲೇ ನಿಲ್ಸು. ಇಲ್ದಿದ್ರೆ ಸ್ಪ್ರಿಂಗ್ ಹೊಂಟೋಯ್ತದೆ.’

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಕುಣಿಗಲ್ ಕೆರೆ ಏರಿಯ ಮೇಲೆ ಅವನು ಕಾರಿನ ವೇಗ ಬಹಳ ಇಳಿಸಿದ. ಮಳೆ ನಿಂತಿತ್ತು. ಕೆರೆಯ ನೀರು ದೂರಕ್ಕೆ ಸರಿದು, ಒಣಗಿದ ಅಂಚಿನಲ್ಲಿ ದನ ಮೇಯುತ್ತಿದ್ದವು. ಹಿಂದೆ ಬಂದ ಬಸ್ಸು ಹಾರ್ನ್ ಹೊಡೆದು ಹೊಡೆದು ಮುಂದೆ ಹೋಯಿತು. ಅಣ್ಣ ಅದಕ್ಕೂ ವೇಗ ಹೆಚ್ಚಿಸಲಿಲ್ಲ.

ಗಂಗಣ್ಣನ ಷೆಡ್ಡು ಹೆದ್ದಾರಿಯ ಪಕ್ಕದಲ್ಲಿತ್ತು. ಅಣ್ಣ ಅವನ ಡ್ರೈವರಿಗೆ ಬಾನೆಟ್ ಎತ್ತಿ ತೋರಿಸಿದ. ಎಲ್ಲಿ ತಟ್ಟಬೇಕು, ಎಷ್ಟು ಮೆಲ್ಲಗೆ, ಟಿಕ್ ಟಿಕ್ ಕೇಳುವವರೆಗೆ ಹೇಗೆ ಕಾಯಬೇಕು. ಆ ಹುಡುಗ ಕಲಿಯುವವರೆಗೆ ಬಿಡಲಿಲ್ಲ. ಕೊನೆಗೆ ಸ್ಪ್ಯಾನರನ್ನೂ ಅವನ ಕೈಗೇ ಕೊಟ್ಟ.

ಆಗ ಗಂಗಣ್ಣ ಹೊರಗೆ ಬಂದ. ನಗುತ್ತ ನನ್ನ ಜೇಬಿಗೆ ನೋಟು ತುರುಕಿದ.

‘ಏನ್ ಯಜಮಾನ್ರೆ, ಪಾಲು ಇಸ್ಕಳ್ದಲೇ ಹೊಂಟ್‌ಬಂದ್ಯಲ್ಲ ತೋಟದಿಂದ. ತಗೋ, ಕಾರಿಂದು. ಚೆನ್ನಾಗಿ ಬಾಯ್ ಮುಚ್ಕೊಂಡಿದ್ದೆ ಕಣ್ಲಾ. ಮುಂದಕ್ಕೆ ಬತ್ತೀಯ ನೀನು.’

ಅಣ್ಣ ಕೈಗೆ ಹತ್ತಿದ್ದ ಗ್ರೀಸನ್ನು ಒಂದು ಚಿಂದಿಯಲ್ಲಿ ಒರೆಸಿಕೊಳ್ಳುತ್ತಿದ್ದ. ಒಂದೊಂದೇ ಬೆರಳು. ಎಲ್ಲ ಬೆರಳೂ ಮುಗಿದ ಮೇಲೆ ಮತ್ತೆ ಮೊದಲಿನಿಂದ ಒರೆಸಿಕೊಂಡ. ಆಮೇಲೆ ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದೆವು. ಅವನ ಗಂಟನ್ನು ಅವನಿಗೆ ಕೊಟ್ಟೆ. ಬಿಚ್ಚಿ ನೋಡದೆ ಬನಿಯನ್ನಿನೊಳಗೆ ಇಟ್ಟುಕೊಂಡ. ಬಸ್ಸಿನಲ್ಲಿ ಕಂಡಕ್ಟರ್ ಬಂದಾಗ ಕಿಟಕಿಯ ಕಡೆ ನೋಡುತ್ತಲೇ ಹೇಳಿದ:

‘ಟಿಕೀಟು ನೀನೇ ತಗೋ. ನಿನ್ ತಾವ ದುಡ್ ಐತೆ.’

ಆ ವಿಷಯದಲ್ಲಿ ಅವನು ನನಗೆ ಹೇಳಿದ್ದು ಅಷ್ಟೇ. ಸಾಯುವವರೆಗೂ ಅಷ್ಟೇ.

ಮಾರನೇ ದಿನ ಸಾಹೇಬರ ಮುಂದೆ ಗಡಿಯಾರ ಇಟ್ಟು ನಡೆದದ್ದನ್ನು ಹೇಳಿದೆ. ಅಣ್ಣನ ಸಂಗತಿಯೂ ಬಾಯಿಂದ ಬಂದುಬಿಟ್ಟಿತು. ಅವರು ಎದ್ದು ಕೂತರು.

‘ನಮ್ಮಣ್ಣಂಗೆ ಬೇಕು ಅಂತ ಟೀ ಅಂಗಡೀಲಿ ಹೇಳಿದ್ಯಾ?’

‘ಇಲ್ಲ.’

‘ಯಾಕೆ?’

ಗಡಿಯಾರದ ಗಾಜಿನ ಮೇಲಿನ ಧೂಳನ್ನು ಬೆರಳಿನಲ್ಲಿ ಒರೆಸಿದೆ.

‘ಸ್ವಂತ ಮನೆಗೆ ಬೇಕು ಅಂದ್ರೆ ಆ ಸಾಮಾನಿಗೆ ಕೂಟದಲ್ಲಿ ಯಾರೂ ಕೈ ಹಾಕೋದಿಲ್ಲ ಬೇಟಾ. ಗಂಗಣ್ಣನೂ ಹಾಕ್ತಿರ್ಲಿಲ್ಲ. ನನ್ನ ಮಗಳ ಮದುವೆಗೆ ಒಂದು ಬೀರು ಬೇಕಿತ್ತು. ಹೇಳ್ದೆ, ಬಿಟ್ಕೊಟ್ಟ. ನಮ್ಮ ಕಸುಬಲ್ಲಿ ಮರ್ಯಾದೆ ಅಂತ ಇರೋದು ಅದೊಂದೇ.’ ಅವರು ಬಹಳ ಹೊತ್ತು ಕೆಮ್ಮಿದರು. ‘ಬಾಯಿ ತೆಗೆದು ಹೇಳಿದ್ರೆ ಸಾಕಿತ್ತು. ಹೊರಗೆ ಐದು, ಆರರಲ್ಲಿ ನಿಮ್ಮದಾಗೋದು.’

ಗಡಿಯಾರವನ್ನು ಅಂಗಡಿಯಲ್ಲಿ ಇಟ್ಟುಕೊಳ್ಳಲು ಅವರು ಒಪ್ಪಲಿಲ್ಲ. ನಿನ್ನ ಮನೆಗೇ ತೆಗೆದುಕೊಂಡು ಹೋಗು ಎಂದರು.

ಆ ಮಳೆಗಾಲ ಅಣ್ಣನಿಗೆ ಕೆಲಸವಿರಲಿಲ್ಲ. ಹಸುವಿನ ದುಡ್ಡು ರಾಗಿಗೆ, ಉಪ್ಪಿಗೆ ಕರಗಿತು. ಆಮೇಲೆ ಯಾರದೋ ಲಾರಿ, ಯಾರದೋ ಟ್ಯಾಕ್ಸಿ. ಬಹಳ ವರ್ಷ ತುಮಕೂರಿನ ಪಕ್ಕದ ಸತ್ಯಮಂಗಲದ ಒಂದು ಕಾರ್ಖಾನೆಯ ವ್ಯಾನ್ ಓಡಿಸಿದ. ನಸುಕಿನಲ್ಲಿ ಕೆಲಸಗಾರರನ್ನು ತುಂಬಿಕೊಂಡು ಹೋಗುವುದು, ಕತ್ತಲಾದ ಮೇಲೆ ಇಳಿಸುವುದು. ತನ್ನದು ಎನ್ನುವ ಗಾಡಿ ಅವನಿಗೆ ಆಗಲೇ ಇಲ್ಲ. ನನ್ನದು ಗಂಗಣ್ಣ ಹೇಳಿದಂತೆಯೇ ಆಯಿತು. ಮುಂದಕ್ಕೆ ಬಂದೆ. ಸಾಹೇಬರ ನಂತರ ಅಂಗಡಿ ನನಗೆ ಬಂತು. ಹಳೇ ಜೀಪು, ಕಾರು ಹಿಡಿದು ಮಾರಿದ್ದಕ್ಕೆ ಲೆಕ್ಕವಿಲ್ಲ. ಅಣ್ಣನಿಗೆ ಒಂದು ಕಾರು ಕೊಡಿಸೋಣ ಎಂದು ಎರಡು ಸಲ ಹೋದೆ. ‘ನಂಗ್ಯಾಕೋ ಈಗ, ಕಣ್ ಮಂಜಾಯ್ತಾವೆ’ ಎಂದು ನಕ್ಕು ಕಾಫಿ ಕೊಡಿಸಿ ಕಳಿಸಿದ.

ನನ್ನ ಮನೆಗೆ ಬಂದರೆ ಗಡಿಯಾರದ ಕೆಳಗೇ, ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದ. ಅದು ಗಂಟೆ ಹೊಡೆಯುವಾಗ ಮಾತು ನಿಲ್ಲಿಸುತ್ತಿದ್ದ. ಹೊಡೆದು ಮುಗಿದ ಮೇಲೆ ಬಿಟ್ಟಲ್ಲಿಂದ ಶುರುಮಾಡುತ್ತಿದ್ದ. ಹೇಳಿಬಿಡಬೇಕು ಎಂದು ಪ್ರತಿ ಸಲವೂ ಅಂದುಕೊಳ್ಳುತ್ತಿದ್ದೆ. ಗೊತ್ತಿರುವವನಿಗೆ ಹೇಳುವುದೇನು ಎಂದು ಪ್ರತಿ ಸಲವೂ ಬಿಟ್ಟೆ.

ಬಣ್ಣ ಹೊಡೆದ ಮೇಲೆ ಗಡಿಯಾರವನ್ನು ಮತ್ತೆ ತೂಗುಹಾಕಲು ಮನಸ್ಸಾಗಲಿಲ್ಲ. ಹಳೇ ಸೀರೆಯಲ್ಲಿ ಸುತ್ತಿ ಗುಬ್ಬಿ ಬಸ್ಸು ಹತ್ತಿದೆ. ಅತ್ತಿಗೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಎದುರು ಕೂತು ನಾನೂ ಒಂದು ಹಿಡಿ ಎಳೆದುಕೊಂಡೆ. ಸೀರೆಯ ಗಂಟು ನೋಡಿ ಏನದು ಎಂದಳು. ಹೇಳಿದೆ. ಅವಳ ಮುಖ ಅರಳಿತು.

‘ಆ ಮನೇದಾ? ನಿಮ್ಮಣ್ಣ ಆ ಹರಾಜು ಸುದ್ದಿ ಎಷ್ಟ್ ಸಲ ಹೇಳೋರು ಅಂತೀಯ. ಹಸ ಹೋಯ್ತು, ಕಾರೂ ಬರ್ಲಿಲ್ಲ ಅಂತ ನಾನು ಗೊಣಗಿದಾಗ್ಲೆಲ್ಲ ಅದೇ ಹೇಳೋರು. ನಮ್ ಸಿದ್ದ ಆವತ್ತು ಗಂಟ್ಲು ಹರ್ಕೊಂಡು ಕೂಗ್ದ ಕಣೆ, ನಮ್ ದುಡ್ಡು ಮುಗುದ್ರೂ ಬುಡ್ಲಿಲ್ಲ, ತನ್ನ ಸಂಬಳಾನೂ ಸೇರಿಸ್ಕಂಡು ಕೂಗ್ದ, ಆ ಕುಣಿಗಲ್ಲೋನು ಮೀರಿಸ್ಬುಟ್ಟ ಅಂತ. ಮಕ್ಳಿಗೂ ಹಂಗೇ ಹೇಳೋರು. ನಿಮ್ ಚಿಕ್ಕಪ್ಪನ್ನ ಕಂಡ್ರೆ ಮರ್ಯಾದೆ ಇರ್ಲಿ ಅನ್ನೋರು.’

ಕೈಯಲ್ಲಿದ್ದ ಕಾಯಿಯನ್ನು ಸುಲಿಯಲು ಆಗಲಿಲ್ಲ.

‘ಅತ್ತಿಗೆ, ನಾನ್ ಕೂಗ್ಲಿಲ್ಲ.’

‘ಏನು?’

‘ಆವತ್ತು ಕಾರಿಗೆ ನಾನು ಒಂದ್ ಸಲಾನೂ ಕೂಗ್ಲಿಲ್ಲ. ಆರಕ್ಕೆ ಹೋಯ್ತು. ನಮ್ಮತ್ರ ಎಂಟಿತ್ತು. ಸುಮ್ನಿದ್ದೆ. ಸುಮ್ನಿದ್ದುದ್ದಕ್ಕೆ ದುಡ್ಡೂ ಇಸ್ಕಂಡೆ. ಈ ಗಡಿಯಾರಕ್ಕೆ ಕೂಗ್ದೆ.’

‘ಅವ್ರು ಅಲ್ಲೇ ಇದ್ರಲ್ವಾ?’

‘ಕಾರಿನ್ ಪಕ್ಕದಲ್ಲೇ ನಿಂತಿತ್ತು ಅಣ್ಣ.’

ಅತ್ತಿಗೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ಕಾಳು ಬಟ್ಟಲಿಗೆ, ಸಿಪ್ಪೆ ಮೊರಕ್ಕೆ ಬೀಳುತ್ತಲೇ ಇದ್ದವು. ಸ್ವಲ್ಪ ಹೊತ್ತಾದ ಮೇಲೆ ಒಂದು ಕಾಳನ್ನು ಸಿಪ್ಪೆಯ ಕಡೆ ಹಾಕಿದಳು. ಅದನ್ನು ಆರಿಸಿ ತೆಗೆದು ಬಟ್ಟಲಿಗೆ ಹಾಕಿಕೊಂಡಳು.

‘ಗೊತ್ತಿದ್ದೂ ನಂಗೆ ಹಂಗೆ ಹೇಳವ್ರೆ’ ಎಂದಳು. ಆಮೇಲೆ, ‘ಅವ್ರು ಹೇಳಿದ್ದೇ ನಂಗಿರ್ಲಿ ಬುಡು ಸಿದ್ದ. ಮಕ್ಳಿಗೂ ಅದೇ ಇರ್ಲಿ. ನೀನ್ ಈಗ ಹೇಳಿದ್ದನ್ನ ನಾನ್ ಎಲ್ಲಿಡ್ಲಿ?’

ಗಡಿಯಾರ ಇಲ್ಲೇ ಇರಲಿ ಅತ್ತಿಗೆ ಎಂದೆ.

‘ಬ್ಯಾಡ, ತಗೊಂಡೋಗು. ಸಾರಿಗಿಟ್ಟಿದೀನಿ, ಉಂಡ್ಕಂಡು ಹೋಗು.’

ಉಂಡೆ. ಅವರೆಕಾಳಿನ ಸಾರು, ಮುದ್ದೆ. ಮುದ್ದೆ ಇನ್ನೊಂದು ಹಾಕಿದಳು, ಬೇಡ ಎನ್ನಲಿಲ್ಲ. ನಾನು ಕ್ಷಮಿಸು ಎಂದು ಕೇಳಲಿಲ್ಲ. ಕೇಳಿದ್ದರೆ ಅವಳು ಏನನ್ನುತ್ತಿದ್ದಳೋ ಗೊತ್ತಿಲ್ಲ. ಬಸ್ಸಿನ ಹೊತ್ತಿಗೆ ಬಾಗಿಲವರೆಗೆ ಬಂದು, ಮೆಟ್ಟಿಲು ಜೋಪಾನ ಎಂದಳು.

ಬಸ್ಸು ತುಂಬಿತ್ತು. ಗಡಿಯಾರವನ್ನು ಡ್ರೈವರ್ ಹಿಂದಿನ ಜಾಗದಲ್ಲಿ ಇಡಿಸಿದೆ, ನನಗೆ ಕಡೆಯ ಸೀಟು ಸಿಕ್ಕಿತು. ಊರು ಬಿಟ್ಟು ಒಂದು ಹಳ್ಳಕ್ಕೆ ಚಕ್ರ ಬಿದ್ದಾಗ ಸೀರೆಯೊಳಗಿಂದ ಅದು ಡಣ್ ಎಂದಿತು. ಎಲ್ಲರೂ ನಕ್ಕರು. ಕಂಡಕ್ಟರ್ ಚೀಟಿ ಹರಿಯುವುದನ್ನು ನಿಲ್ಲಿಸಿ, ಸೀರೆಯ ತುದಿ ಎತ್ತಿ ನೋಡಿ, ಬಸ್ಸಿಗೆಲ್ಲ ಕೇಳುವ ಹಾಗೆ ಕೂಗಿದ.

‘ಯಾರ್ದ್ರೀ ಇದು ಗಡಿಯಾರ? ಲಗೇಜ್ ಆಗ್ತದೆ.’

ನಾನು ಸುಮ್ಮನಿದ್ದೆ. ಪಕ್ಕದ ಹುಡುಗಿ ಅತ್ತಿತ್ತ ನೋಡಿದಳು.

‘ಯಾರ್ದು ಅಂತ ಇನ್ನೊಂದ್ ಸಲ ಕೇಳ್ತೀನಿ. ಇಲ್ಲಾಂದ್ರೆ ಇಳ್ಸ್‌ಬಿಡ್ತೀನಿ.’

ಸೀಟಿನ ಕಂಬಿ ಹಿಡಿದು ಎದ್ದು ನಿಂತೆ.

‘ನಂದು’ ಅಂದೆ.